ಧಾರಣೆ ಮತ್ತು ಎರಡನೆಯ ಬಾಣ: ಮಲೆನಾಡಿನ ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಕುಟುಂಬ ತೀರ್ಥಹಳ್ಳಿ ಸೀಮೆಯದು ಎಂಬುದೊಂದನ್ನು ಬಿಟ್ಟರೆ, ಅವರನ್ನು ಗುರುತಿಸಬಹುದಾದ ಉಳಿದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ತೋಟದ ಯಜಮಾನರನ್ನು ಮಂಜಪ್ಪ ಎಂದು ಕರೆದಿರುವುದು ಹೇಳುವ ಅನುಕೂಲಕ್ಕಷ್ಟೇ. ಬರೆದದ್ದನ್ನು ಅವರಿಗೂ ಅವರ ಪತ್ನಿಗೂ ಓದಿ ಹೇಳಿ, ಅವರು ಬೇಡವೆಂದ ಎರಡು ಭಾಗಗಳನ್ನು ತೆಗೆದು, ಒಪ್ಪಿಗೆ ಪಡೆದಿದ್ದೇನೆ. ನಾನು ವೈದ್ಯನಲ್ಲ, ಆಪ್ತಸಮಾಲೋಚಕನೂ ಅಲ್ಲ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ, ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ತಿಂಗಳಿಗೆ ಎರಡು ಭಾನುವಾರ ಏಳೆಂಟು ಮಂದಿಯೊಡನೆ ಕುಳಿತು ಪಾಲಿ ಸುತ್ತಗಳನ್ನು, ಎಂದರೆ ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳನ್ನು, ಕನ್ನಡದಲ್ಲಿ ಓದುತ್ತೇನೆ. ಓದಿದ್ದು ನಿತ್ಯದ ಬದುಕಿಗೆ ಎಷ್ಟು ಒದಗುತ್ತದೆ ಎಂದು ಮಾತಾಡಿಕೊಳ್ಳುತ್ತೇವೆ. ಅಂಥ ಒಂದು ಪ್ರಯತ್ನದಲ್ಲಿ ನಾನು ಎಲ್ಲಿ ಎಡವಿದೆ ಮತ್ತು ಎಲ್ಲಿ ದಾರಿ ತಿರುಗಿತು ಎಂಬುದು ಇತರರಿಗೆ ಉಪಯೋಗವಾದೀತೆಂದು ಇದನ್ನು ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ಮಂಜಪ್ಪನವರಿಗೆ ಆಗ 54 ವರ್ಷ. ಮೂರು ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಕಾಳುಮೆಣಸು, ಎರಡು ಹಸು. ತಂದೆ ತೀರಿಕೊಂಡ ನಂತರ ಒಂದೇ ತೋಟವು ಅವರಿಗೂ ತಮ್ಮನಿಗೂ ಹಿಸ್ಸೆಯಾಗಿ, ನಡುವೆ ಹರಿಯುವ ಬಸಿಗಾಲುವೆಯೇ ಗಡಿಯಾಗಿತ್ತು. ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಳು. ನನಗೆ ಈ ಮನೆಯ ಪರಿಚಯವಾದದ್ದು ಮಂಜಪ್ಪನವರ ಪತ್ನಿಯ ಮೂಲಕ. ಆಕೆ ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತವರು.

ಅಡಿಕೆಯ ಒಕ್ಕಲಲ್ಲದವರಿಗೆ ಒಂದು ಮಾತು ಹೇಳಬೇಕು. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಕೆಂಪಡಿಕೆಯನ್ನು ಎಲ್ಲರೂ ಕೂಡಲೇ ಮಂಡಿಗೆ ಹಾಕುವುದಿಲ್ಲ. ಅನುಕೂಲವಿದ್ದವರು ಚೀಲ ಕಟ್ಟಿ ಅಟ್ಟದಲ್ಲಿಟ್ಟು, ಧಾರಣೆ, ಎಂದರೆ ಮಾರುಕಟ್ಟೆಯ ದರ, ಏರುವುದನ್ನು ಕಾಯುತ್ತಾರೆ. ಬ್ಯಾಂಕಿನ ಠೇವಣಿಗಿಂತ ಈ ಚೀಲಗಳ ಮೇಲೆಯೇ ಅವರಿಗೆ ಹೆಚ್ಚು ಭರವಸೆ. ಯಾವಾಗ ಕಾಯಬೇಕು, ಯಾವಾಗ ಕೊಡಬೇಕು ಎಂಬುದು ಒಂದು ವಿದ್ಯೆಯೇ ಸರಿ, ಮತ್ತು ಆ ವಿದ್ಯೆಯಲ್ಲಿ ಮಂಜಪ್ಪನವರಿಗೆ ಸುತ್ತಲ ನಾಲ್ಕು ಹಳ್ಳಿಗಳಲ್ಲಿ ಹೆಸರಿತ್ತು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಬಗೆಯ ಆ ದಿನದ ದರ ಅವರ ಬಾಯಲ್ಲಿರುತ್ತಿತ್ತು. "ಕೊಡುವುದಕ್ಕೆ ಮೊದಲು ಮಂಜಪ್ಪನವರನ್ನು ಒಂದು ಮಾತು ಕೇಳಿ" ಎನ್ನುವುದು ಅಲ್ಲಿ ವಾಡಿಕೆಯಾಗಿತ್ತು. ಈ ಸಣ್ಣ ಸಂಗತಿಯನ್ನು ಆಕೆ ಮೊದಲ ಭೇಟಿಯಲ್ಲೇ ಹೇಳಿದ್ದರೂ ನಾನು ಅದನ್ನು ಗಮನಿಸಲಿಲ್ಲ. ಪ್ರಕರಣದ ಕೀಲಿ ಅಲ್ಲೇ ಇತ್ತು.

2022ರ ಸೆಪ್ಟೆಂಬರಿನಲ್ಲಿ ರಾಶಿ ಅಡಿಕೆಯ ಧಾರಣೆ ಶಿವಮೊಗ್ಗ ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ 50,000 ರೂಪಾಯಿ ದಾಟಿತ್ತು. ಮಂಜಪ್ಪನವರ ಅಟ್ಟದಲ್ಲಿ ಹಿಂದಿನ ಫಸಲಿನ 18 ಕ್ವಿಂಟಲ್ ಇತ್ತು. ಅರವತ್ತಕ್ಕೆ ಹೋಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದ್ದುದರಿಂದ ಅವರು ಕೊಡಲಿಲ್ಲ. ಅವರ ತಮ್ಮ ಅದೇ ತಿಂಗಳು ತನ್ನದನ್ನೆಲ್ಲ ಕೊಟ್ಟುಬಿಟ್ಟ. ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರವು ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ತರಿಸಿಕೊಳ್ಳಲು ಅನುಮತಿ ನೀಡಿದ ಸುದ್ದಿ ಬಂತು. ಬೆಳೆಗಾರರಲ್ಲಿ ಗಾಬರಿ ಹಬ್ಬಿತು, ಧಾರಣೆ ಇಳಿಯತೊಡಗಿತು. ಅದೇ ಹಂಗಾಮಿನಲ್ಲಿ ಎಲೆಚುಕ್ಕೆ ರೋಗ ತೀರ್ಥಹಳ್ಳಿ, ಹೊಸನಗರದ ತೋಟಗಳನ್ನು ಸುಡುತ್ತ ಬಂದು ಇವರ ತೋಟಕ್ಕೂ ಇಳಿಯಿತು.

ಸಮಸ್ಯೆ

ಡಿಸೆಂಬರಿನಲ್ಲಿ ಆಕೆ ನಮ್ಮ ಮನೆಗೆ ಬಂದಾಗ ಹೇಳಿದ್ದು ಇಷ್ಟು. ಇವರು ರಾತ್ರಿ ಎರಡು ಗಂಟೆ ನಿದ್ದೆ ಮಾಡಿದರೆ ಹೆಚ್ಚು. ನಡುರಾತ್ರಿ ಎದ್ದು ಅಟ್ಟ ಹತ್ತಿ ಚೀಲಗಳನ್ನು ಮುಟ್ಟಿ ನೋಡಿ ಬರುತ್ತಾರೆ. ಮೊಬೈಲಿನಲ್ಲಿ ಧಾರಣೆ ನೋಡುವುದು, ಗುಂಪುಗಳಲ್ಲಿ ಬಂದ ಸುದ್ದಿಗಳನ್ನು ಓದುವುದು, ಮತ್ತೆ ಧಾರಣೆ ನೋಡುವುದು. ಊಟದ ರುಚಿ ಹೋಗಿದೆ. ತಮ್ಮನೊಡನೆ ಮಾತು ನಿಂತಿದೆ. ರೋಗ ತಗುಲಿದ ಸೋಗೆ ಕತ್ತರಿಸಿ ಸುಡಬೇಕು, ಔಷಧಿ ಹೊಡೆಸಬೇಕು, ಯಾವುದಕ್ಕೂ ಕೈಹಾಕುತ್ತಿಲ್ಲ. "ತೋಟಕ್ಕೆ ಹೋದರೆ ತಲೆ ಎತ್ತಿ ಎಲೆ ಎಣಿಸುತ್ತಾರೆ ಸರ್, ಮನೆಗೆ ಬಂದರೆ ತಲೆ ತಗ್ಗಿಸಿ ಮೊಬೈಲು ನೋಡುತ್ತಾರೆ" ಎಂದರು.

ಮುಂದಿನ ವಾರ ಮಂಜಪ್ಪನವರೂ ಬಂದರು. ಹೆಂಡತಿಯ ಒತ್ತಾಯಕ್ಕೆ ಬಂದವರೆಂಬುದು ಕುಳಿತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ದುಃಖದ ವಿಚಾರ ಎತ್ತಿದ ಕೂಡಲೇ ಅವರು, "ನನಗೆ ದುಃಖ ಎಂಥದೂ ಇಲ್ಲ ಮಾರಾಯ್ರೆ, ಟೆನ್ಶನ್ ಅಷ್ಟೇ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಆಡುಮಾತಿನಲ್ಲಿ ದುಃಖವೆಂದರೆ ಸಾವಿನ ಮನೆಯ ಮಾತು. ಪಾಲಿಯ 'ದುಕ್ಖ' ಅದಕ್ಕಿಂತ ಬಹಳ ಹರವಾದದ್ದು. ಸಾರನಾಥದಲ್ಲಿ ಬುದ್ಧ ಕೊಟ್ಟ ಮೊದಲ ಉಪದೇಶದಲ್ಲಿ ಹುಟ್ಟು, ಮುಪ್ಪು, ಸಾವುಗಳ ಜೊತೆಗೇ ಒಲ್ಲದ್ದರೊಡನೆ ಕೂಡಿರಬೇಕಾಗುವುದು, ಒಲಿದದ್ದರಿಂದ ಅಗಲಬೇಕಾಗುವುದು, ಬಯಸಿದ್ದು ಸಿಗದಿರುವುದು, ಇವೂ ದುಕ್ಖವೆಂದೇ ಹೇಳಿದೆ. ಅರವತ್ತಕ್ಕೆ ಹೋಗದ ಧಾರಣೆ ಈ ಕೊನೆಯ ಸಾಲಿಗೆ ನೇರವಾಗಿ ಸೇರುತ್ತದೆ. ಆದರೆ ಆ ದಿನ ನನಗೆ ಅದನ್ನು ತಾಳ್ಮೆಯಿಂದ ಬಿಡಿಸಿ ಹೇಳುವ ವ್ಯವಧಾನವಿರಲಿಲ್ಲ. ಅವರಿಗೆ ಇನ್ನೊಂದು ಅಳುಕೂ ಇತ್ತು: "ನಾವು ದೇವರು ದಿಂಡರು ಅಂತ ಇರುವವರು, ಇದೆಲ್ಲ ನಮಗೆ ಆಗಿಬರುತ್ತದಾ?" ಪೂಜೆ ಬಿಡಬೇಕಾಗಿಲ್ಲವೆಂದೂ, ಇದೇ ಜಿಲ್ಲೆಯ ಬಳ್ಳಿಗಾವೆಯಲ್ಲಿ 11ನೇ ಶತಮಾನದಲ್ಲಿ ಶಿವಾಲಯಗಳ ನೆರೆಯಲ್ಲೇ ಬೌದ್ಧ ವಿಹಾರವೂ ಇತ್ತೆಂದು ಶಾಸನಗಳು ಹೇಳುತ್ತವೆಂದೂ ಹೇಳಿದೆ. ಅದರಿಂದ ಅವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ನನ್ನ ಮೊದಲ ತಪ್ಪುಗಳು

ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ದುಃಖಕ್ಕೆ ಮೂಲ ತೃಷ್ಣೆ, ಹೆಚ್ಚು ಬೆಲೆಯ ಆಸೆಯನ್ನು ಬಿಟ್ಟರೆ ನಿದ್ದೆ ತಾನಾಗಿ ಬರುತ್ತದೆ ಎಂಬ ಅರ್ಥದ ಮಾತನ್ನು ನಾನು ಆಡಿದೆ. ಅವರು ಎದ್ದು ನಿಂತರು. "ನನಗೆ ದುರಾಸೆ ಅಂತೀರಾ ಮೇಷ್ಟ್ರೇ? ಕೊಳೆರೋಗ, ಎಲೆಚುಕ್ಕೆ, ಕೂಲಿ, ಗೊಬ್ಬರ, ಮಗಳ ಫೀಸು, ಇವೆಲ್ಲ ಕಳೆದು ನಾಲ್ಕು ಕಾಸು ಉಳಿಯಲಿ ಅನ್ನುವುದು ದುರಾಸೆಯಾ?" ಎಂದು ಕೇಳಿ ಹೊರಟುಹೋದರು. ಮೂರು ವಾರ ಬರಲಿಲ್ಲ.

ಈ ತಪ್ಪಿನ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಬೌದ್ಧ ವಿಚಾರವನ್ನು ನಿತ್ಯದ ಬದುಕಿಗೆ ತರಲು ಹೊರಟವರಲ್ಲಿ ಬಹುಪಾಲು ಮಂದಿ ಇಲ್ಲೇ ಜಾರುತ್ತಾರೆಂದು ನನ್ನ ಅನುಭವ. ನಾಲ್ಕು ಆರ್ಯಸತ್ಯಗಳನ್ನು ನಾವು ನಂಬಬೇಕಾದ ನಾಲ್ಕು ಹೇಳಿಕೆಗಳೆಂಬಂತೆ ಬಾಯಿಪಾಠ ಮಾಡಿರುತ್ತೇವೆ. ಆದರೆ ಆ ಮೊದಲ ಉಪದೇಶದಲ್ಲೇ ಒಂದೊಂದು ಸತ್ಯಕ್ಕೂ ಒಂದೊಂದು ಕೆಲಸವನ್ನು ಹೇಳಿದೆ: ದುಃಖವನ್ನು ಪೂರ್ತಿಯಾಗಿ ಅರಿಯಬೇಕು, ಅದರ ಹುಟ್ಟನ್ನು ಬಿಡಬೇಕು, ಅದರ ನಿಲುಗಡೆಯನ್ನು ಕಣ್ಣಾರೆ ಕಾಣಬೇಕು, ಮಾರ್ಗವನ್ನು ಬೆಳೆಸಬೇಕು. ಬಿಡುವ ಕೆಲಸ ಎರಡನೆಯದು. ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಹಾರಿದರೆ, ಏನನ್ನು ಬಿಡಬೇಕೆಂಬುದೇ ತಿಳಿಯದೆ ಬಿಡು ಬಿಡು ಎಂದು ಹೇಳಿದಂತಾಗುತ್ತದೆ; ಕೇಳಿದವರಿಗೆ ಅದು ಬೈಗುಳವಾಗಿ ಕೇಳಿಸುತ್ತದೆ. ವ್ಯಾಖ್ಯಾನ ಪರಂಪರೆಯಲ್ಲಿ ಈ ನಾಲ್ಕನ್ನು ರೋಗ, ರೋಗದ ಕಾರಣ, ವಾಸಿಯಾಗುವಿಕೆ, ಮದ್ದು ಎಂದು ಹೋಲಿಸುವುದುಂಟು. ಆ ಹೋಲಿಕೆಯಲ್ಲೇ ಹೇಳುವುದಾದರೆ, ನಾಡಿ ಹಿಡಿಯದೆ ಪಥ್ಯ ಹೇಳಿದ ಪಂಡಿತ ನಾನು.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರವಾದದ್ದು. ಜನವರಿಯ ಮೊದಲ ವಾರ ಆಕೆ ಒಬ್ಬರೇ ಮತ್ತೆ ಬಂದಾಗ, ಒಂದು ರಾತ್ರಿ ಗಂಡ ಹೇಳಿದ ಮಾತನ್ನು ಹೇಳಿದರು: "ನಾನಿಲ್ಲದಿದ್ದರೆ ನೀವಾದರೂ ನೆಮ್ಮದಿಯಾಗಿರ್ತೀರಿ." ಇದು ನವೆಂಬರಿನಲ್ಲೇ ಆಡಿದ ಮಾತು. ಮೊದಲ ಸಲ ಏಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಕೇಳಲಿಲ್ಲವಲ್ಲ ಸರ್" ಎಂದರು. ನಿದ್ದೆಯಿಲ್ಲ, ಊಟವಿಲ್ಲ, ಕೆಲಸದಲ್ಲಿ ಮನಸ್ಸಿಲ್ಲ ಎಂದು ಕೇಳಿದ ಮೇಲೂ ಸಾಯುವ ಮಾತೇನಾದರೂ ಆಡಿದ್ದಾರೆಯೇ ಎಂದು ನೇರವಾಗಿ ಕೇಳದೆ, ತೃಷ್ಣೆಯ ಬಗೆಗಳನ್ನು ಯೋಚಿಸುತ್ತ ಕುಳಿತಿದ್ದೆ. ಬುದ್ಧ ತನ್ನ ಶಿಷ್ಯ ಮಾಲುಂಕ್ಯಪುತ್ತನಿಗೆ ಹೇಳಿದ ಉಪಮೆ ಆಗ ನನ್ನನ್ನೇ ಚುಚ್ಚಿತು: ವಿಷದ ಬಾಣ ತಗುಲಿದವನನ್ನು ಬಂಧುಗಳು ಶಸ್ತ್ರವೈದ್ಯನ ಬಳಿಗೆ ಕರೆತಂದರೆ, ಬಾಣ ಬಿಟ್ಟವನ ಕುಲ ಯಾವುದು, ಬಿಲ್ಲು ಎಂಥದು ಎಂದು ತಿಳಿಯುವ ತನಕ ಕೀಳಿಸಿಕೊಳ್ಳುವುದಿಲ್ಲ ಎಂದನಂತೆ.

ಅಂದೇ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಆ ಮಾತಿನ ಬಗ್ಗೆ ಮುಚ್ಚುಮರೆಯಿಲ್ಲದೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹೌದು, ಅಂಥ ಯೋಚನೆ ಬರುತ್ತದೆ ಎಂದರು. ಎರಡು ದಿನಗಳಲ್ಲಿ ಮೂವರೂ ಶಿವಮೊಗ್ಗದ ಮನೋವೈದ್ಯರೊಬ್ಬರ ಬಳಿ ಕುಳಿತಿದ್ದೆವು. ಖಿನ್ನತೆ ಎಂದು ಅವರು ಗುರುತಿಸಿ ಔಷಧ ಆರಂಭಿಸಿದರು. ಔಷಧಿ ಹೊಡೆಯುವ ವಿಷದ ಡಬ್ಬಿಗಳನ್ನು ಮನೆಯಲ್ಲಿಡಬಾರದೆಂದು ಅವರು ಆಕೆಗೆ ಪ್ರತ್ಯೇಕವಾಗಿ ಹೇಳಿದರು. ಅವು ಅಂದು ಸಂಜೆಯೇ ಪಕ್ಕದ ಮನೆಗೆ ಹೋದವು. ಇದರ ಮುಂದೆ ಬರೆದಿರುವುದೆಲ್ಲ ಈ ಚಿಕಿತ್ಸೆಯ ಜೊತೆಜೊತೆಗೆ ನಡೆದದ್ದೇ ಹೊರತು ಅದರ ಬದಲಿಗೆ ನಡೆದದ್ದಲ್ಲ. ಯಾವುದರಿಂದ ಎಷ್ಟು ಗುಣವಾಯಿತೆಂದು ಬೇರ್ಪಡಿಸಿ ಹೇಳುವ ಧೈರ್ಯ ನನಗಿಲ್ಲ.

ಎರಡು ಪುಟದ ಲೆಕ್ಕ

ನಿದ್ದೆ ತುಸು ಹತ್ತಿದ ಮೇಲೆ, ಜನವರಿಯ ಕೊನೆಯಲ್ಲಿ, ಅವರು ಮತ್ತೆ ಭಾನುವಾರದ ಓದಿಗೆ ಬಂದರು. ಆ ದಿನ ನಾವು ಓದಿದ್ದು ಸಂಯುತ್ತ ನಿಕಾಯವೆಂಬ ಸುತ್ತಸಂಗ್ರಹದ ಸಲ್ಲ ಸುತ್ತ, ಎಂದರೆ ಬಾಣದ ಸುತ್ತ. ನೋವು ಎಲ್ಲರಿಗೂ ಆಗುತ್ತದೆ, ಅರಿತವನಿಗೂ ಅರಿಯದವನಿಗೂ. ಅರಿಯದವನು ಆ ನೋವಿನ ಮೇಲೆ ಕೊರಗಿ, ಎದೆ ಬಡಿದುಕೊಂಡು, ಒಂದು ಬಾಣ ತಗುಲಿದ ಜಾಗದ ಮೇಲೆ ಎರಡನೆಯ ಬಾಣವನ್ನೂ ಉಣ್ಣುತ್ತಾನೆ. ಅರಿತವನಿಗೆ ಒಂದೇ ಬಾಣ. ಈ ಉಪಮೆ ಪ್ರಸಿದ್ಧವಾದದ್ದು. ಅದೇ ಸುತ್ತದ ಮುಂದಿನ ಮಾತನ್ನು ಮಾತ್ರ ಕಡಿಮೆ ಜನ ಗಮನಿಸುತ್ತಾರೆ: ನೋವಿನಿಂದ ಹೊರಬರುವ ಬೇರೆ ದಾರಿ ಗೊತ್ತಿಲ್ಲದ್ದರಿಂದ ಅರಿಯದವನು ಇಂದ್ರಿಯಸುಖದ ಕಡೆಗೆ ಓಡುತ್ತಾನೆ. ಇದನ್ನು ಓದಿದಾಗ ಮಂಜಪ್ಪನವರು ತಾವಾಗಿ ಬಾಯಿಬಿಟ್ಟರು. ಧಾರಣೆ ನೋಡಿ ಹೊಟ್ಟೆ ತೊಳಸಿದಂತಾದಾಗ ಅವರು ಮೊಬೈಲು ಕೆಳಗಿಡುತ್ತಿರಲಿಲ್ಲ, ಅದರಲ್ಲೇ ರಾತ್ರಿ ಒಂದರವರೆಗೆ ಹಾಸ್ಯದ ವಿಡಿಯೋಗಳನ್ನು ನೋಡುತ್ತಿದ್ದರು. ಒಂದಕ್ಕೂ ನಗು ಬರುತ್ತಿರಲಿಲ್ಲ.

ಆ ಮಾತಿನಿಂದಲೇ ಒಂದು ಅಭ್ಯಾಸ ಹುಟ್ಟಿತು. ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ, ಪ್ರತಿ ಸಲ ಧಾರಣೆ ನೋಡಿದಾಗಲೂ ಎಡಗಡೆಯ ಪುಟದಲ್ಲಿ ಆದದ್ದನ್ನು ಮಾತ್ರ, ಬಲಗಡೆಯ ಪುಟದಲ್ಲಿ ತಾವು ಅದಕ್ಕೆ ಸೇರಿಸಿದ್ದನ್ನು ಬರೆಯಬೇಕು. ಬಿಡಬೇಕೆಂಬ ಒತ್ತಾಯವಿಲ್ಲ, ಕಡಿಮೆ ನೋಡಬೇಕೆಂಬ ಗುರಿಯೂ ಇಲ್ಲ. ಮೊದಲ ಕೆಲಸ ಅರಿಯುವುದಷ್ಟೇ. ಲೆಕ್ಕ ಬರೆದು ಅಭ್ಯಾಸವಿದ್ದ ಮನುಷ್ಯನಿಗೆ ಇದು ಒಗ್ಗಿತು. ಕಣ್ಣು ಮುಚ್ಚಿ ಉಸಿರು ನೋಡುವುದನ್ನು ಇದಕ್ಕೂ ಮೊದಲು ಎರಡು ಸಲ ಹೇಳಿಕೊಟ್ಟಿದ್ದೆ. ಹತ್ತು ನಿಮಿಷದಲ್ಲಿ ಎದೆ ಹೊಡೆದುಕೊಂಡು ಎದ್ದುಬಿಡುತ್ತಿದ್ದರು. ಎಲ್ಲ ಮನಸ್ಸಿಗೂ ಧ್ಯಾನವೇ ಮೊದಲ ಮೆಟ್ಟಿಲೆಂಬ ನನ್ನ ಗ್ರಹಿಕೆಯನ್ನು ಅಲ್ಲಿಗೆ ಕೈಬಿಟ್ಟೆ.

ಮೊದಲ ವಾರದ ಲೆಕ್ಕ ನೋಡಿ ಅವರಿಗೇ ಆಶ್ಚರ್ಯವಾಯಿತು. ಒಂದು ದಿನ 47 ಸಲ ನೋಡಿದ್ದರು. ಅದಕ್ಕಿಂತ ಆಶ್ಚರ್ಯದ ಸಂಗತಿ ಭಾನುವಾರದ್ದು: ಮಾರುಕಟ್ಟೆಗೆ ರಜೆ, ಧಾರಣೆ ಬದಲಾಗುವ ಸಾಧ್ಯತೆಯೇ ಇಲ್ಲ, ಆದರೂ 31 ಸಲ. "ಇಲ್ಲದ ಧಾರಣೆಯನ್ನು ಯಾಕೆ ನೋಡಿದೆ ಮೇಷ್ಟ್ರೇ?" ಎಂದು ಅವರೇ ಕೇಳಿದರು. ಸುದ್ದಿ ತಿಳಿಯುವುದಕ್ಕಾಗಿ ನೋಡುತ್ತಿದ್ದೇನೆ ಎಂದು ಅವರು ತಿಳಿದಿದ್ದ ಕಾರಣ ಆ 31 ಗೆರೆಗಳ ಮುಂದೆ ನಿಲ್ಲಲಿಲ್ಲ.

ಇನ್ನೊಂದು ತಿರುವು ಬಲಗಡೆಯ ಪುಟದಿಂದ ಬಂತು. ಹೊಟ್ಟೆಯುರಿ, ಹಳಹಳಿ, ಅಳುಕು, ತಳಮಳ ಎಂದು ಅವರು ತಮ್ಮದೇ ಮಾತುಗಳಲ್ಲಿ ಬರೆಯುತ್ತಿದ್ದರು. ಪಾಲಿಯ ಒಂದು ಪದಕ್ಕೆ ಕನ್ನಡದಲ್ಲಿ ಎಷ್ಟೊಂದು ಕವಲುಗಳಿವೆ ಎಂದು ನನಗೆ ಗೊತ್ತಾದದ್ದು ಆ ಪುಸ್ತಕದಿಂದ. ನಾನು ಅಲ್ಲಿ ನಿರೀಕ್ಷಿಸಿದ್ದದ್ದು ಹಣದ ಚಿಂತೆ. ಇದ್ದದ್ದು ಹೀಗೆ: "ತಮ್ಮ ನಗುತ್ತಿರಬಹುದು." "ಇನ್ನು ಯಾರೂ ನನ್ನ ಕೇಳುವುದಿಲ್ಲ." "ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು." "ಎಲ್ಲರಿಗೂ ಹೇಳುವವನು ನಾನೇ ದಡ್ಡನಾದೆ." ನಾಲ್ಕು ವಾರಗಳ ಬಲಗಡೆಯ ಪುಟಗಳಲ್ಲಿ ಮಗಳ ಫೀಸಿನ ಮಾತು ಮೂರೇ ಸಲ ಬಂದಿತ್ತು.

ತೃಷ್ಣೆಯನ್ನು ಮೂರು ಬಗೆಯಾಗಿ ಹೇಳುವುದುಂಟು: ಸುಖಭೋಗದ ತೃಷ್ಣೆ, ಏನೋ ಆಗಿರಬೇಕೆಂಬ ಭವತೃಷ್ಣೆ, ಇಲ್ಲವಾಗಿಬಿಡಬೇಕೆಂಬ ವಿಭವತೃಷ್ಣೆ. ನಾನು ಡಿಸೆಂಬರಿನಲ್ಲಿ ಅವರ ಮೇಲೆ ಹೊರಿಸಿದ್ದು ಮೊದಲನೆಯದನ್ನು. ಅವರನ್ನು ಹಿಡಿದಿದ್ದದ್ದು ಎರಡನೆಯದು: ಧಾರಣೆ ಬಲ್ಲ ಮಂಜಪ್ಪ ಎಂಬ ಮನುಷ್ಯನಾಗಿಯೇ ಉಳಿಯಬೇಕು. ಅಟ್ಟದ ಚೀಲಗಳಲ್ಲಿ ಕಾದಿಟ್ಟದ್ದು ಅಡಿಕೆಗಿಂತ ಹೆಚ್ಚಾಗಿ ಆ ಹೆಸರನ್ನು. ಈಗ ಕೊಟ್ಟರೆ ತಪ್ಪು ಮಾಡಿದೆನೆಂದು ಒಪ್ಪಿದಂತೆ. ಕೊಡದಿದ್ದರೆ ತಪ್ಪು ಇನ್ನೂ ಆಗಿಲ್ಲ. ಇದನ್ನು ನಾನು ಪಾರಿಭಾಷಿಕ ಪದಗಳಲ್ಲಿ ಹೇಳಲಿಲ್ಲ. ಬಲಗಡೆಯ ಪುಟಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದೆ. ಓದುತ್ತ ಓದುತ್ತ ಒಂದು ಕಡೆ ನಿಲ್ಲಿಸಿ, "ಇದರಲ್ಲಿ ಅಡಿಕೆಯೇ ಇಲ್ಲವಲ್ಲ" ಎಂದರು.

ಅದೇ ದಿನ ಅವರ ಪತ್ನಿ, ತುಸು ಹಿಂದೆ ಗೋಡೆಗೊರಗಿ ಕುಳಿತಿದ್ದವರು, ಒಂದು ಮಾತು ಹೇಳಿದರು: "ಸರ್, ಇವರ ಎರಡನೆಯ ಬಾಣ ಇದೆಯಲ್ಲ, ಅದೇ ನನಗೆ ಮೊದಲನೆಯ ಬಾಣ." ಮೂರು ತಿಂಗಳಿಂದ ಬೆಳಗಿನ ಜಾವ ಐದಕ್ಕೆದ್ದು ಹಾಲು ಕರೆದು ಡೇರಿಗೆ ಕೊಟ್ಟು, ಆಳುಗಳನ್ನು ನೋಡಿಕೊಂಡು, ರಾತ್ರಿ ಅಟ್ಟದ ಏಣಿಯ ಸದ್ದಿಗೆ ಕಿವಿಗೊಟ್ಟು ಮಲಗುತ್ತಿದ್ದವರು ಆಕೆ. ಒಬ್ಬರ ದುಃಖವನ್ನು ಅರಿಯಲು ಕುಳಿತ ನಾವೆಲ್ಲ ಪಕ್ಕದಲ್ಲಿದ್ದ ಇನ್ನೊಬ್ಬರದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರಿಗೂ ಒಂದು ಪುಸ್ತಕ ಕೊಡಲು ಹೋದೆ. "ನನಗೆ ಬರೆಯಲು ಪುರುಸೊತ್ತಿಲ್ಲ, ಬೆಳಗ್ಗೆ ಒಂದು ಗಂಟೆ ಹೆಚ್ಚು ಮಲಗಲು ಬಿಟ್ಟರೆ ಸಾಕು" ಎಂದರು.

ಕೊಡುವ ನಿರ್ಧಾರ, ತೋಟದ ಕೆಲಸ

ಮೊದಲನೆಯ ಬಾಣ ಹಾಗೇ ಇತ್ತು. ಧಾರಣೆ ಇಳಿದದ್ದು ನಿಜ, ತೋಟಕ್ಕೆ ರೋಗ ಬಂದದ್ದು ನಿಜ. ಎರಡನೆಯ ಬಾಣವನ್ನು ಕಿತ್ತರೆ ಮೊದಲನೆಯದು ಮಾಯವಾಗುತ್ತದೆಂದು ಸುತ್ತದಲ್ಲಿ ಎಲ್ಲೂ ಹೇಳಿಲ್ಲ. ಈ ಭೇದವನ್ನು ಮರೆತಾಗಲೇ ಬುದ್ಧನ ಮಾತು ಬಡವರಿಗೆ, ನಷ್ಟಕ್ಕೊಳಗಾದವರಿಗೆ ಸುಮ್ಮನಿರಿ ಎಂದು ಹೇಳುವ ಸಾಧನವಾಗಿಬಿಡುತ್ತದೆ. ಆಮದು ನೀತಿಯ ವಿರುದ್ಧ ಬೆಳೆಗಾರರು ದನಿಯೆತ್ತಿದಾಗ ಮಂಜಪ್ಪನವರೂ ಅವರೊಡನೆ ಹೋಗಿ ಬಂದರು. ಅದು ಎಡಗಡೆಯ ಪುಟದ ಕೆಲಸ.

ಗುಂಪಿನಲ್ಲೊಬ್ಬರು ಎಲ್ಲ ಚೀಲಗಳನ್ನು ಒಂದೇ ದಿನ ಕೊಟ್ಟು ಕೈತೊಳೆದುಕೊಳ್ಳಿ, ತ್ಯಾಗವೆಂದರೆ ಅದೇ ಎಂದು ಸಲಹೆ ಕೊಟ್ಟರು. ಮಂಜಪ್ಪನವರು ಡಿಸೆಂಬರಿನ ಒಂದು ರಾತ್ರಿ ಸಿಟ್ಟಿನಲ್ಲಿ ಅದನ್ನೇ ಮಾಡಹೊರಟಿದ್ದರು, ಮನೆ ಬಾಗಿಲಿಗೆ ಬಂದು ಕೊಳ್ಳುವ ವ್ಯಾಪಾರಿಗೆ ಫೋನು ಮಾಡಿ ಬಂದಷ್ಟಕ್ಕೆ ಒಯ್ಯಲು ಹೇಳಿದ್ದರು; ಆಕೆ ತಡೆದಿದ್ದರು. ಕಣ್ಣೆದುರಿನಿಂದ ಒಮ್ಮೆಗೇ ತೊಲಗಲಿ ಎಂಬುದು ಮೂರನೆಯ ತೃಷ್ಣೆಯೇ, ವೈರಾಗ್ಯದ ವೇಷ ತೊಟ್ಟದ್ದು ಅಷ್ಟೇ. ತಂತಿ ತೀರ ಬಿಗಿದರೂ ತೀರ ಸಡಿಲಿಸಿದರೂ ವೀಣೆ ನುಡಿಯದೆಂದು ಬುದ್ಧ ತನ್ನ ಶಿಷ್ಯ ಸೋಣನಿಗೆ ಹೇಳಿದ ಮಾತನ್ನು ನಾನು ನೆನಪಿಸಿದೆ. ಮಂಜಪ್ಪನವರು ತಮ್ಮದೇ ಉಪಮೆ ಕೊಟ್ಟರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡುವಾಗ ಚಾಕುವನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಮರ ಸುಟ್ಟೀತು. "ನನ್ನ ಚಾಕು ಇನ್ನೂ ಕೆಂಪಗಿದೆ, ಈಗ ಏನನ್ನೂ ಹೊಡೆಯಬಾರದು" ಎಂದರು. ಆ ಭಾನುವಾರದ ಚರ್ಚೆಗೆ ಇದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ.

ಮುಂದಿನ ಭೇಟಿಗೆ ಅವರೇ ಒಂದು ಯೋಜನೆಯೊಂದಿಗೆ ಬಂದರು. ಹದಿನೆಂಟನ್ನು ಆರಾರರಂತೆ ಮೂರು ಪಾಲು ಮಾಡುವುದು. ಧಾರಣೆಯನ್ನು ನೋಡಿ ದಿನ ಗೊತ್ತು ಮಾಡುವ ಬದಲು ಮನೆಯ ಅಗತ್ಯ ನೋಡಿ ಗೊತ್ತು ಮಾಡುವುದು. ಸಾಲದ ಕಂತಿಗೆ ಮಾರ್ಚ್, ಮಳೆಗಾಲದ ಔಷಧಿ ಮತ್ತು ಕೂಲಿಗೆ ಮೇ, ಮಗಳ ಫೀಸಿಗೆ ಆಗಸ್ಟ್. ಕೊಡುವ ದಿನ ಸಂಜೆಯವರೆಗೆ ಮೊಬೈಲು ಹೆಂಡತಿಯ ಬಳಿ. ಇದು ಅತಿ ಹೆಚ್ಚು ಹಣ ತರುವ ದಾರಿಯಲ್ಲವೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮಾರ್ಚಿನ ಆರು ಕ್ವಿಂಟಲ್ ಸೆಪ್ಟೆಂಬರಿನ ದರಕ್ಕಿಂತ ಕ್ವಿಂಟಲಿಗೆ ಸುಮಾರು ಹತ್ತು ಸಾವಿರ ಕಡಿಮೆಗೆ ಹೋಯಿತು. ಎಡಗಡೆಯಲ್ಲಿ "ಅರವತ್ತು ಸಾವಿರ ಕಡಿಮೆ ಬಂತು" ಎಂದು ಬರೆದರು. ಬಲಗಡೆಯಲ್ಲಿ ಅರ್ಧ ಪುಟ ತುಂಬಿತ್ತು. ನೋವು ಕಡಿಮೆಯಾಗಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬಂತು.

ತಮ್ಮನೊಡನೆ ಮಾತು ಮತ್ತೆ ಶುರುವಾದದ್ದು ಯಾವ ಮೈತ್ರೀಭಾವನೆಯಿಂದಲೂ ಅಲ್ಲ, ಎಲೆಚುಕ್ಕೆಯಿಂದ. ಗಾಳಿಯಲ್ಲಿ ಹರಡುವ ಶಿಲೀಂಧ್ರಕ್ಕೆ ಬಸಿಗಾಲುವೆಯ ಗಡಿ ಗೊತ್ತಿಲ್ಲ. ಒಂದು ತೋಟಕ್ಕೆ ಹೊಡೆದು ಪಕ್ಕದ್ದನ್ನು ಬಿಟ್ಟರೆ ಹೊಡೆದದ್ದೂ ದಂಡ. ಮೇ ತಿಂಗಳಲ್ಲಿ ಮಂಜಪ್ಪನವರು ಕಾಲುವೆಯ ಈಚೆ ನಿಂತು, ಒಟ್ಟಿಗೆ ಸೋಗೆ ಕತ್ತರಿಸಿ ಒಟ್ಟಿಗೆ ಔಷಧಿ ಹೊಡೆಸೋಣವೇ ಎಂದು ಕೇಳಿದರು. ಆ ಕೆಲಸದ ನಡುವೆ ಒಂದು ದಿನ ತಮ್ಮ ತಾನಾಗಿ ಹೇಳಿದ: ಅವನು ಸೆಪ್ಟೆಂಬರಿನಲ್ಲಿ ಕೊಟ್ಟದ್ದು ಜಾಣತನದಿಂದಲ್ಲ, ಸಾಲದ ನೋಟೀಸು ಬಂದಿತ್ತು, ಅಣ್ಣನನ್ನು ಕೇಳದೆ ಅವಸರಕ್ಕೆ ಕೊಟ್ಟೆನೆಂದು ಅಣ್ಣ ಬೈದುಕೊಳ್ಳುತ್ತಿರಬಹುದೆಂದು ಅವನೂ ಮುಖ ತಪ್ಪಿಸಿ ಓಡಾಡುತ್ತಿದ್ದ. "ತಮ್ಮ ನಗುತ್ತಿರಬಹುದು" ಎಂಬ ಸಾಲು ಬಲಗಡೆಯ ಪುಟಗಳಲ್ಲಿ 60ಕ್ಕೂ ಹೆಚ್ಚು ಸಲ ಬಂದಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮಳೆಗಾಲದ ಪರೀಕ್ಷೆ

2023ರ ಜುಲೈಯಲ್ಲಿ ಧಾರಣೆ ಮತ್ತೆ 50,000ದ ಮೇಲೆ ಏರಿತು. ಅಷ್ಟರಲ್ಲಿ ಹನ್ನೆರಡು ಕ್ವಿಂಟಲ್ ಹೋಗಿಯಾಗಿತ್ತು. ಧಾರಣೆ ಇಳಿದಾಗ ಆದದ್ದಕ್ಕಿಂತ ಏರಿದಾಗ ಆಗುವ ಸಂಕಟ ಹೆಚ್ಚು ಹರಿತವಾದದ್ದು, ಏಕೆಂದರೆ ಇಳಿದಾಗ ಊರೆಲ್ಲ ಜೊತೆಗಿರುತ್ತದೆ, ಏರಿದಾಗ ಕೊಟ್ಟವನು ಒಬ್ಬನೇ. ಎರಡು ರಾತ್ರಿ ಮಂಜಪ್ಪನವರು ಮತ್ತೆ ಅಟ್ಟ ಹತ್ತಿದರು. ಮೂರನೆಯ ದಿನ ಅವರೇ ವೈದ್ಯರಿಗೆ ಫೋನು ಮಾಡಿದರು. ಹಿಂದಿನ ಸಲ ಈ ಹೆಜ್ಜೆಗೆ ಎರಡು ತಿಂಗಳು ಮತ್ತು ಮೂರು ಜನ ಬೇಕಾಗಿತ್ತು. ನಿಲ್ಲಿಸುವ ಆಲೋಚನೆಯಲ್ಲಿದ್ದ ಔಷಧವನ್ನು ವೈದ್ಯರು ಇನ್ನೂ ಕೆಲವು ತಿಂಗಳು ಮುಂದುವರಿಸಿದರು.

ಆ ವಾರದ ಓದಿಗೆ ಅವರು ಪುಸ್ತಕ ತಂದಿದ್ದರು. ಎಡಗಡೆ: "ಧಾರಣೆ ಏರಿತು. ನಮ್ಮದು ಆರು ಉಳಿದಿದೆ." ಬಲಗಡೆ: "ಮತ್ತೆ ದಡ್ಡನಾದೆ." ಅದರ ಕೆಳಗೆ ಬೇರೆ ಶಾಯಿಯಲ್ಲಿ: "ಇದನ್ನು ಹಿಂದೆಯೂ ಬರೆದಿದ್ದೇನೆ, ಫೆಬ್ರುವರಿ ನೋಡು." ಅವರು ಫೆಬ್ರುವರಿಯ ಪುಟ ತೆಗೆದು ತೋರಿಸಿದರು. ಅದೇ ಸಾಲು, ಅದೇ ಕಾಗುಣಿತದ ತಪ್ಪು. ಇಳಿದಾಗಲೂ ಏರಿದಾಗಲೂ ಬರುವ ಮಾತು ಒಂದೇ ಆದರೆ ಅದನ್ನು ಹುಟ್ಟಿಸುತ್ತಿರುವುದು ಧಾರಣೆಯಲ್ಲ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಜಗಲಿಯಲ್ಲಿದ್ದವರೆಲ್ಲ ನಕ್ಕರು, ಅವರೂ ನಕ್ಕರು.

ಲಾಭ ಮತ್ತು ನಷ್ಟ, ಹೆಸರು ಮತ್ತು ಹೆಸರುಗೇಡು, ನಿಂದೆ ಮತ್ತು ಹೊಗಳಿಕೆ, ಸುಖ ಮತ್ತು ದುಃಖ ಎಂಬ ಎಂಟು ಲೋಕಧರ್ಮಗಳು ಲೋಕವನ್ನು ಸುತ್ತುತ್ತವೆ, ಲೋಕ ಅವುಗಳನ್ನು ಸುತ್ತುತ್ತದೆ ಎಂದು ಅಂಗುತ್ತರ ನಿಕಾಯವೆಂಬ ಇನ್ನೊಂದು ಸುತ್ತಸಂಗ್ರಹದಲ್ಲಿದೆ. ಮುಂದೆ ಇಂಥ ಪ್ರಕರಣ ಎದುರಾದರೆ ನಾನು ಮೊದಲು ಕೇಳುವ ಪ್ರಶ್ನೆ, ಈ ಎಂಟರಲ್ಲಿ ನಿಮ್ಮನ್ನು ತಿರುಗಿಸುತ್ತಿರುವುದು ಯಾವುದು ಎಂಬುದು. ಹಣದ ಮಾತಾಡುವವರನ್ನೆಲ್ಲ ಹಣವೇ ತಿರುಗಿಸುತ್ತಿರುತ್ತದೆಂದು ಭಾವಿಸುವುದಿಲ್ಲ. ಅದಕ್ಕೂ ಮೊದಲು ನಿದ್ದೆಯ ಬಗ್ಗೆ, ಸಾಯುವ ಯೋಚನೆಯ ಬಗ್ಗೆ ಕೇಳುತ್ತೇನೆ. ಜೊತೆಗೆ ಬಂದವರನ್ನು ಗೋಡೆಗೊರಗಿ ಕೂರಲು ಬಿಡುವುದಿ‌ಲ್ಲ.

ಆಗಸ್ಟಿನಲ್ಲಿ ಕೊನೆಯ ಆರು ಕ್ವಿಂಟಲ್ ಗೊತ್ತುಮಾಡಿದ ದಿನವೇ ಹೋಯಿತು, ತಮ್ಮನ ಜೀಪಿನಲ್ಲಿ. ಎಲೆಚುಕ್ಕೆ ಪೂರ್ತಿ ಹೋಗಿಲ್ಲ. ಆ ವರ್ಷದ ಫಸಲು ಹಿಂದಿನದಕ್ಕಿಂತ ಏಳು ಕ್ವಿಂಟಲ್ ಕಡಿಮೆಯಾಯಿತು. ಧಾರಣೆಯನ್ನು ಅವರು ಈಗಲೂ ನೋಡುತ್ತಾರೆ, ದಿನಕ್ಕೆ ಮೂರು ನಾಲ್ಕು ಸಲ. ಬೆಳಗಿನ ಹಾಲು ಕರೆಯುವ ಕೆಲಸವನ್ನು ಅಕ್ಟೋಬರಿನಿಂದ ತಾವು ವಹಿಸಿಕೊಂಡಿದ್ದಾರೆ. ಎರಡರಲ್ಲಿ ಒಂದು ಹಸು ಇನ್ನೂ ಅವರ ಕೈಗೆ ಹಾಲು ಬಿಡುತ್ತಿಲ್ಲವಂತೆ. ಅದಕ್ಕೆ ಮಾತ್ರ ಆಕೆ ಐದೂವರೆಗೆ ಎದ್ದು ಬಂದು ಪಕ್ಕದಲ್ಲಿ ನಿಲ್ಲಬೇಕು.